ನಮ್ಮ ರೋಡ್ ಫೈಟರ್ ಜಪಾನಿನಲ್ಲಿ ಇರಲೇ ಇಲ್ಲ ಮಾರಾಯ್ರೇ!

ರೋಡ್ ಫೈಟರ್ ನೆನಪುಂಟಾ? ತೊಂಬತ್ತರ ದಶಕದ ಮಂಗಳೂರಿನಲ್ಲಿ ಬೆಳೆದವರು ಮರೆಯಲು ಸಾಧ್ಯವೇ! ಗಲ್ಫಿನ ಮಾವ ಬಾಂಬೆ ಮಾರ್ಗವಾಗಿ ಹೊತ್ತು ತಂದ ಟಿವಿ ಗೇಮ್. ಅದರ ನೆತ್ತಿಗೆ ಸಿಕ್ಕಿಸುವ ಕ್ಯಾಸೆಟ್. ಕೆಂಪು ಕಾರು. ಬಟನ್ ಒತ್ತಿ ಹಿಡಿದರೆ ಗಂಟೆಗೆ 400 ಕಿಲೋಮೀಟರ್! ಡಿಕ್ಕಿ ಹೊಡೆಯದೆ ಓಡಿಸಿದರೆ ಪಕ್ಕದಲ್ಲೇ ಹಾರಿ ಬರುತ್ತಿದ್ದ ಆ ಸೂಪರ್‌ಮ್ಯಾನ್? ಅವನು ಸೂಪರ್‌ಮ್ಯಾನ್ ಅಲ್ಲ, ಆಟ ತಯಾರಿಸಿದ ಕೊನಾಮಿ ಕಂಪನಿಯ ಕೊನಾಮಿ ಮ್ಯಾನ್!

ಈಗೊಂದು ಸವಾಲು. ಕಾರು ಓಡುವಾಗ ಬರುತ್ತಿದ್ದ ಹಾಡನ್ನು ಗುನುಗಿ ನೋಡುವಾ.

ಸಿಕ್ಕಿತಾ? ಸಿಗುವುದಿಲ್ಲ! ಹಾಡೇ ಇರಲಿಲ್ಲ! ಹೊರಡುವಾಗ ಪುಟ್ಟದೊಂದು ರಾಗ, ಆಮೇಲೆ ಬರೀ ಇಂಜಿನಿನ ಮೊರೆತ. ಎಕ್ಸೈಟ್‌ಬೈಕ್ ಆಟ ಕೂಡ ಹಾಗೆಯೇ. ಇಷ್ಟು ವರ್ಷ ನಮ್ಮ ಕಿವಿಯಲ್ಲಿ ಹಾಡಾಗಿ ಉಳಿದದ್ದು ಆ ಮೊರೆತ!

ಆ ಎಕ್ಸೈಟ್‌ಬೈಕ್ ಎಷ್ಟು ದೊಡ್ಡ ಆಟ, ಊಹಿಸಿ. ಬೈಕು, ಗುಡ್ಡ, ಕೆಸರು, ಶಬ್ದ ಎಲ್ಲ ಸೇರಿ? 24 ಕೆಬಿ! ವಾಟ್ಸಾಪಿನಲ್ಲಿ ಬರುವ ಗುಡ್ ಮಾರ್ನಿಂಗ್ ಚಿತ್ರ ಇದಕ್ಕಿಂತ ದೊಡ್ಡದು. ಇನ್ನು ಎಫ್1 ರೇಸ್? ಅದರ ಪ್ರೋಗ್ರಾಂ ಬರೆದ ಹುಡುಗ ಸತೋರು ಇವಾಟಾ, 2002ರಲ್ಲಿ ನಿಂಟೆಂಡೊ ಕಂಪನಿಗೇ ಅಧ್ಯಕ್ಷ!

ತಡೆಯಿರಿ, ಅಸಲಿ ವಿಷಯ ಇನ್ನೂ ಹೇಳಿಲ್ಲ.

ಜಪಾನಿನ ಟಿವಿ ಸೆಕೆಂಡಿಗೆ 60 ಸಲ ಪರದೆ ತುಂಬುತ್ತಿತ್ತು. ನಮ್ಮದು ಪ್ಯಾಲ್ ಪದ್ಧತಿ. 50 ಸಲ ಮಾತ್ರ! ಈ ಆಟಗಳಿಗೆ ಬೇರೆ ಗಡಿಯಾರವಿಲ್ಲ. ಪರದೆ ಒಮ್ಮೆ ತುಂಬಿದರೆ ಆಟ ಒಂದು ಹೆಜ್ಜೆ, ಸಂಗೀತವೂ ಒಂದು ಹೆಜ್ಜೆ. ಹಾಗಾದರೆ ಪ್ಯಾಲ್ ಟಿವಿಗೆಂದು ತಯಾರಾದ ಗೇಮ್ ಪೆಟ್ಟಿಗೆಯಲ್ಲಿ ಏನಾಯಿತು?

ಎಲ್ಲವೂ ನಿಧಾನ! ಜಪಾನಿನಲ್ಲಿ 60 ಸೆಕೆಂಡಿನ ಓಟ ಮಂಗಳೂರಿನ ಬಿಜೈಯ ಮನೆಯಲ್ಲಿ 72 ಸೆಕೆಂಡ್! ಪರದೆಯ ಮೇಲಿನ ಸೆಕೆಂಡೇ ಉದ್ದ! ಇನ್ನೂ ಸೋಜಿಗ ಕೇಳಿ: ಶ್ರುತಿ ಹೆಚ್ಚುಕಡಿಮೆ ಅದೇ, ಲಯ ಮಾತ್ರ ಇಳಿದಿತ್ತು. ಹಾಗಾಗಿ ಯಾರಿಗೂ ಗೊತ್ತೇ ಆಗಲಿಲ್ಲ! ನಾವು ಕೇಳಿದ ಆ ರಾಗ ಟೋಕಿಯೊದ ಮಕ್ಕಳು ಕೇಳಿಯೇ ಇಲ್ಲ. ಅದು ನಮ್ಮದೇ!

ನಂಬಿಕೆ ಬರಲಿಲ್ಲವಾ? ಅಟ್ಟದಲ್ಲಿ ಹಳೆಯ ಪೆಟ್ಟಿಗೆ ಇದ್ದರೆ ಇವತ್ತೇ ಇಳಿಸಿ. ಪಕ್ಕದಲ್ಲಿ ಮೊಬೈಲಿನಲ್ಲಿ ಜಪಾನಿನ ಅದೇ ಆಟದ ವಿಡಿಯೋ ಹಾಕಿ, ಎರಡನ್ನೂ ಒಟ್ಟಿಗೆ ಶುರು ಮಾಡಿ. ಯಾವುದರ ರಾಗ ಮೊದಲು ಮುಗಿಯುತ್ತದೆ, ನೀವೇ ಕೇಳಿ!