ಚೊಚ್ಚಲಲ್ಲ ಎಂಬ ಕಾರಣಕ್ಕೆ

ಮೊದಲ ಬಸಿರಿಗೆ ನಮ್ಮ ಭಾಷೆಯಲ್ಲಿ ಒಂದು ಹೆಸರಿದೆ: ಚೊಚ್ಚಲು. ಮನೆಯಲ್ಲಿ ಚೊಚ್ಚಲ ಬಸುರಿ ಇದ್ದಾಳೆಂದರೆ ಎಲ್ಲರಿಗೂ ಎಚ್ಚರ. ಭಾರ ಎತ್ತಬೇಡ, ಹೊತ್ತು ಮುಳುಗಿದ ಮೇಲೆ ಒಬ್ಬಳೇ ಹೋಗಬೇಡ, ಏನು ತಿನ್ನಬೇಕೆನಿಸುತ್ತದೋ ಕೇಳು. ಸೀಮಂತ ಮಾಡಿ ಬಳೆ ತೊಡಿಸುವುದು, ಹೆರಿಗೆಗೆ ತವರಿಗೆ ಕರೆದೊಯ್ಯುವುದು ಎಲ್ಲವೂ ಬಹಳಷ್ಟು ಮನೆಗಳಲ್ಲಿ ಆ ಬಸಿರಿಗೇ ಮೀಸಲು. ಎರಡನೆಯದಕ್ಕೆ ಅಂಥ ಹೆಸರಿಲ್ಲ. ‘ಎರಡನೇದು ತಾನೇ, ಅವಳಿಗೆಲ್ಲ ಗೊತ್ತು’ ಎಂಬ ಒಂದು ಮಾತಿದೆ ಅಷ್ಟೆ. ಆ ಮಾತಿನಲ್ಲಿ ಅರ್ಧ ನಿಜವಿದೆ. ಒಮ್ಮೆ ಮಗುವನ್ನು ಹೊತ್ತ ಮೈಗೆ ದಾರಿ ಗೊತ್ತಿರುತ್ತದೆ, ಎರಡನೇ ಸಲ ಅದು ಬೇಗನೆ ಬದಲಾಗತೊಡಗುತ್ತದೆ. ತೊಂದರೆ ಇರುವುದು ಉಳಿದರ್ಧದಲ್ಲಿ. ಮೈ ಬೇಗ ಬದಲಾಗುವ ಅದೇ ವಾರಗಳಲ್ಲಿ ಮನೆಯವರ ಗಮನ ತಡವಾಗಿ ಬರುತ್ತದೆ, ಬಸುರಿಯ ಗಮನವಂತೂ ಮಡಿಲಲ್ಲಿರುವ ಮೊದಲ ಮಗುವಿನ ಮೇಲೇ ಇರುತ್ತದೆ. ಮೊದಲ ಮೂರು ತಿಂಗಳಲ್ಲಿ ಎರಡನೇ ಬಸಿರಿಗೆ ಬೇಕಾದ ಆರೈಕೆ ಚೊಚ್ಚಲಿನದಕ್ಕಿಂತ ಕಡಿಮೆಯದಲ್ಲ, ಕೆಲವು ವಿಷಯಗಳಲ್ಲಿ ಹೆಚ್ಚಿನದೇ ಎಂದು ನಾನು ಹೇಳುವುದು ಇದಕ್ಕಾಗಿ.

ಎಲ್ಲರ ಕಣ್ಣಿಗೆ ಮೊದಲು ಬೀಳುವುದು ಹೊಟ್ಟೆ. ಹಿಂದಿನ ಸಲ ನಾಲ್ಕು ತಿಂಗಳವರೆಗೂ ಸೀರೆಯ ನೆರಿಗೆಯಲ್ಲಿ ಮುಚ್ಚಿಹೋಗಿದ್ದ ಹೊಟ್ಟೆ ಈ ಸಲ ಎರಡೂವರೆ, ಮೂರು ತಿಂಗಳಿಗೇ ಚೂಡಿದಾರದ ಲಾಡಿಯನ್ನು ಸಡಿಲಗೊಳಿಸುತ್ತದೆ. ಮಗು ದಪ್ಪ ಇರಬೇಕು, ಅವಳಿಯೇ ಇರಬೇಕು ಎಂಬ ಊಹೆಗಳು ಆಗಲೇ ಶುರು. ಆದರೆ ಗರ್ಭಕೋಶ ಸೊಂಟದ ಎಲುಬಿನ ಬಟ್ಟಲಿನಿಂದ ಮೇಲಕ್ಕೆ ಬರುವುದು ಹನ್ನೆರಡನೇ ವಾರದ ಸುಮಾರಿಗೆ, ಅದು ಎರಡೂ ಬಸಿರಿಗೆ ಹೆಚ್ಚುಕಡಿಮೆ ಒಂದೇ. ಬದಲಾಗಿರುವುದು ಹೊಟ್ಟೆಯ ಗೋಡೆ. ಎದೆಗೂಡಿನ ಕೆಳಗಿನಿಂದ ಕಿಬ್ಬೊಟ್ಟೆಯವರೆಗೆ ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಸ್ನಾಯುಗಳಿವೆ, ಇವೆರಡನ್ನೂ ನಡುವೆ ನಾರಿನ ಒಂದು ಪಟ್ಟಿ ಸೇರಿಸಿ ಹಿಡಿದಿರುತ್ತದೆ. ಮೊದಲ ಮಗು ಬೆಳೆಯುವಾಗ ಈ ಪಟ್ಟಿ ಹಿಗ್ಗುತ್ತದೆ. ಹೆರಿಗೆಯ ನಂತರ ಬಹುಪಾಲು ಕೂಡಿಕೊಂಡರೂ ಎಷ್ಟೋ ಜನರಲ್ಲಿ ಒಂದಿಷ್ಟು ಸಡಿಲ ಉಳಿದೇ ಉಳಿಯುತ್ತದೆ. ಅಂಥವರು ಅಂಗಾತ ಮಲಗಿ ತಲೆಯನ್ನಷ್ಟೇ ಎತ್ತಿದರೆ ಹೊಕ್ಕುಳ ನೇರಕ್ಕೆ ನಡುಹೊಟ್ಟೆ ದಿಬ್ಬದಂತೆ ಉಬ್ಬುತ್ತದೆ, ಬೆರಳಿಟ್ಟು ನೋಡಿದರೆ ಎರಡು ಬೆರಳಗಲದ ಸಂದು ಸಿಗುತ್ತದೆ. ಗೋಡೆ ಸಡಿಲವಿದ್ದ ಮೇಲೆ ಒಳಗಿನದು ಬೇಗ ಮುಂದಕ್ಕೆ ತಳ್ಳಿಕೊಳ್ಳುವುದು ಸಹಜ. ಬಸಿರು ನಿಂತ ಕೂಡಲೇ ಏರುವ ಪ್ರೊಜೆಸ್ಟೆರಾನ್ ಹಾರ್ಮೋನು ಕರುಳಿನ ಚಲನೆಯನ್ನು ನಿಧಾನಗೊಳಿಸುವುದರಿಂದ ಬರುವ ಹೊಟ್ಟೆಯುಬ್ಬರವೂ ಇದಕ್ಕೆ ಸೇರುತ್ತದೆ. ಹೆರಿಗೆಯ ದಿನ ಸುಮಾರು ಒಂದು ಕಿಲೋ ತೂಗುವ ಗರ್ಭಕೋಶ ಕೆಲವೇ ವಾರಗಳಲ್ಲಿ ನೂರು ಗ್ರಾಮಿನ ಆಸುಪಾಸಿಗೆ ಇಳಿಯುವುದೇ ಒಂದು ಸೋಜಿಗ. ಆದರೂ ಹೆರದವಳ ಗರ್ಭಕೋಶದಷ್ಟು ಚಿಕ್ಕದಾಗಿ ಅದು ಮರಳುವುದಿಲ್ಲ.

ಮಗು ಮಿಸುಕಾಡುವುದು ಚೊಚ್ಚಲಿನಲ್ಲಿ ಸಾಮಾನ್ಯವಾಗಿ ಹದಿನೆಂಟರಿಂದ ಇಪ್ಪತ್ತನೇ ವಾರದಲ್ಲಿ ತಿಳಿದರೆ, ಎರಡನೆಯದರಲ್ಲಿ ಹದಿನಾರನೇ ವಾರಕ್ಕೇ ತಿಳಿಯಬಹುದು. ಮೊದಲ ಸಲ ವಾಯು ಎಂದುಕೊಂಡಿದ್ದ ಆ ಪುಳಕ ಏನೆಂಬುದು ಈಗ ತಾಯಿಗೆ ಗೊತ್ತು. ಸೊಂಟನೋವೂ ಬೇಗ ಬರುತ್ತದೆ. ಹಾರ್ಮೋನುಗಳು ಸೊಂಟದ ಕೀಲುಗಳನ್ನು ಬಿಗಿಹಿಡಿದ ನಾರುಗಳನ್ನು ಮೆದುಗೊಳಿಸುತ್ತವೆ, ಹೊಟ್ಟೆಯ ಸ್ನಾಯುಗಳಿಗೆ ಬೆನ್ನನ್ನು ಎತ್ತಿಹಿಡಿಯುವ ಕಸುವು ಪೂರ್ತಿ ಮರಳಿರುವುದಿಲ್ಲ, ಮೇಲಾಗಿ ಸೊಂಟದ ಮೇಲೆ ಹತ್ತು ಹನ್ನೆರಡು ಕಿಲೋ ತೂಕದ ಮೊದಲ ಮಗು ಕೂತಿರುತ್ತದೆ. ಆರಂಭದ ವಾರಗಳ ಸುಸ್ತಿಗೆ ಕಾರಣವಾದ ಹಾರ್ಮೋನುಗಳು ಎರಡನೇ ಸಲಕ್ಕೆಂದು ಬೇರೆಯಾಗುವುದಿಲ್ಲ. ಚೊಚ್ಚಲಿನಲ್ಲಿ ಮಧ್ಯಾಹ್ನ ತಲೆಸುತ್ತಿದರೆ ಮಲಗಬಹುದಿತ್ತು. ಈಗ ಮಲಗಿದರೆ ಎಬ್ಬಿಸುವವರು ಪಕ್ಕದಲ್ಲೇ ಇದ್ದಾರೆ. ಸುಸ್ತನ್ನು ಅಳೆಯುವಾಗ ಈ ಲೆಕ್ಕವನ್ನು ಬಿಟ್ಟರೆ ಅವಳಿಗೆ ಅನ್ಯಾಯ.

ವಾಂತಿಯ ವಿಷಯದಲ್ಲಿ ಹೋಲಿಕೆ ಶುರುವಾಗುತ್ತದೆ. ‘ಹೋದ ಸಲ ಮೂರು ತಿಂಗಳು ವಾಂತಿ, ಈ ಸಲ ಏನೂ ಇಲ್ಲ, ಹಾಗಾದರೆ ಗಂಡೇ’ ಎನ್ನುವ ಮಾತನ್ನು ಕೇಳದ ಎರಡನೇ ಬಸುರಿ ಇರಲಾರಳು. 2023ರಲ್ಲಿ ಪ್ರಕಟವಾದ ಸಂಶೋಧನೆಯೊಂದು ವಾಂತಿಯ ಮೂಲಕ್ಕೆ ಬಹಳ ಹತ್ತಿರ ಹೋಯಿತು. ಭ್ರೂಣ ಮತ್ತು ಮಾಸಿನಿಂದ ಜಿಡಿಎಫ್15 ಎಂಬ ಹಾರ್ಮೋನು ತಾಯಿಯ ರಕ್ತಕ್ಕೆ ಸೇರುತ್ತದೆ, ಬಸಿರಿಗೆ ಮುಂಚೆ ಯಾರ ಮೈಯಲ್ಲಿ ಅದು ಕಡಿಮೆ ಇತ್ತೋ ಅವರಿಗೆ ಅದರ ಏರಿಕೆ ಹೆಚ್ಚು ಬಾಧಿಸುತ್ತದೆ ಎಂದು ಅದು ತೋರಿಸಿತು. ಮಗು ಕಳಿಸುವ ಪ್ರಮಾಣವೂ ತಾಯಿಯ ಮೈಯ ಸಿದ್ಧತೆಯೂ ಪ್ರತಿ ಸಲ ಬೇರೆ ಇರಬಹುದಾದ್ದರಿಂದ ಎರಡು ಬಸಿರುಗಳಲ್ಲಿ ವಾಂತಿ ಒಂದೇ ಥರ ಇರಬೇಕಾಗಿಲ್ಲ. ಹೊಟ್ಟೆಯ ಆಕಾರ ನೋಡಿ ಗಂಡೋ ಹೆಣ್ಣೋ ಎನ್ನುವುದೂ ಹಾಗೆಯೇ: ಅದು ಮೊನಚೋ ಅಗಲವೋ ಎಂಬುದು ಸ್ನಾಯುವಿನ ಸಂಗತಿ, ಲಿಂಗದ್ದಲ್ಲ. ಮೊದಲನೆಯದು ಹೆಣ್ಣಾದ ಮನೆಯಲ್ಲಿ ಈ ಊಹೆ ಬರೀ ಮಾತಾಗಿ ನಿಲ್ಲುವುದಿಲ್ಲ, ಬಸುರಿಯ ಮನಸ್ಸಿನ ಮೇಲೆ ಕಲ್ಲಾಗಿ ಕೂರುತ್ತದೆ. ಲಿಂಗ ಪತ್ತೆಯನ್ನು 1994ರ ಕಾನೂನು ಅಪರಾಧವೆಂದು ಸಾರಿರುವುದು ಸುಮ್ಮನೆ ಅಲ್ಲ.

ಇಷ್ಟಾದರೂ ‘ಎರಡನೆಯದು ಸುಲಭ’ ಎನ್ನುವವರ ಪಕ್ಷದಲ್ಲಿ ಗಟ್ಟಿ ಆಧಾರಗಳಿವೆ, ಅವನ್ನು ಒಪ್ಪಲೇಬೇಕು. ಹೆರಿಗೆ ನೋವಿನ ಅವಧಿ ಸಾಮಾನ್ಯವಾಗಿ ಕಡಿಮೆ. ಬಸಿರಿನಲ್ಲಿ ರಕ್ತದೊತ್ತಡ ಏರಿ ಮೂತ್ರಪಿಂಡ, ಯಕೃತ್ತುಗಳನ್ನು ಕೆಡಿಸುವ ಪ್ರಿಎಕ್ಲಾಂಪ್ಸಿಯಾ ಚೊಚ್ಚಲಿನಲ್ಲೇ ಹೆಚ್ಚು, ಎರಡನೆಯದರಲ್ಲಿ ಕಡಿಮೆ. ಅರ್ಧ ತಂದೆಯದಾದ, ಆ ಮಟ್ಟಿಗೆ ‘ಹೊರಗಿನದಾದ’ ಮಗುವನ್ನು ತಾಯಿಯ ರೋಗನಿರೋಧಕ ವ್ಯವಸ್ಥೆ ಮೊದಲ ಸಲ ಸಹಿಸಲು ಕಲಿಯುತ್ತದೆ. ಆ ಕಲಿಕೆಯ ನೆನಪು ಕೆಲವು ಕಣಗಳಲ್ಲಿ ಉಳಿದು ಮುಂದಿನ ಬಸಿರಿಗೆ ಒದಗುತ್ತದೆಂದು 2012ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನ ತೋರಿಸಿದೆ. ಅದಕ್ಕೂ ಮುಂಚೆ, 1996ರಲ್ಲಿ, ಗಂಡು ಮಗುವನ್ನು ಹೆತ್ತ ತಾಯಿಯೊಬ್ಬರ ರಕ್ತದಲ್ಲಿ 27 ವರ್ಷಗಳ ನಂತರವೂ ಗಂಡು ಜೀವಕೋಶಗಳು ಸಿಕ್ಕಿದ್ದು ವರದಿಯಾಗಿತ್ತು. ಹೆತ್ತ ಮಗುವಿನ ಗುರುತು ತಾಯಿಯ ಮೈಯಲ್ಲಿ ಅಷ್ಟು ಕಾಲ ಇರಬಲ್ಲದು.

ಆದರೆ ಮೈ ಒಳ್ಳೆಯದನ್ನು ನೆನಪಿಟ್ಟುಕೊಳ್ಳುವ ಹಾಗೆಯೇ ಕೆಟ್ಟದ್ದನ್ನೂ ನೆನಪಿಟ್ಟುಕೊಳ್ಳುತ್ತದೆ. ಚೊಚ್ಚಲಿನಲ್ಲಿ ಪ್ರಿಎಕ್ಲಾಂಪ್ಸಿಯಾ ಬಂದಿದ್ದವಳಿಗೆ ಎರಡನೆಯದರಲ್ಲಿ ಅಪಾಯ ಕಡಿಮೆಯಲ್ಲ, ಹೆಚ್ಚು. ಅಂಥವರಿಗೆ ವೈದ್ಯರು ಕೊಡುವ ಕಡಿಮೆ ಪ್ರಮಾಣದ ಆಸ್ಪಿರಿನ್ ಹನ್ನೆರಡರಿಂದ ಹದಿನಾರನೇ ವಾರದೊಳಗೆ ಶುರುವಾದರೆ ಹೆಚ್ಚು ಫಲ ಕೊಡುತ್ತದೆ. ಐದನೇ ತಿಂಗಳಿಗೆ ಮೊದಲ ಸಲ ಆಸ್ಪತ್ರೆಗೆ ಹೋದವಳಿಗೆ ಆ ಅವಕಾಶ ಕಳೆದುಹೋಗಿರುತ್ತದೆ. ಇನ್ನೂ ಸ್ಪಷ್ಟ ಉದಾಹರಣೆ ರಕ್ತದ ಗುಂಪಿನದು. ನಮ್ಮ ದೇಶದಲ್ಲಿ ನೂರರಲ್ಲಿ ಸುಮಾರು ಐದು ಜನ ಆರ್‌ಎಚ್ ನೆಗೆಟಿವ್. ಅಂಥ ತಾಯಿಗೆ ಪಾಸಿಟಿವ್ ಗುಂಪಿನ ಮಗು ಹುಟ್ಟಿದಾಗ ಆ ಮಗುವಿನ ರಕ್ತದ ಕಣಗಳು ತಾಯಿಗೆ ಸೇರುತ್ತವೆ, ತಾಯಿಯ ಮೈ ಅವುಗಳ ವಿರುದ್ಧ ಆಯುಧ ತಯಾರಿಸುತ್ತದೆ. ಚೊಚ್ಚಲ ಮಗು ಅಷ್ಟರಲ್ಲಿ ಹೊರಬಂದಿರುವುದರಿಂದ ಬಹುತೇಕ ಪಾರಾಗುತ್ತದೆ. ಆ ಆಯುಧಕ್ಕೆ ಸಿಕ್ಕಿಬೀಳುವುದು ಎರಡನೆಯದು. ಹೆರಿಗೆಯಾದ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಕೊಟ್ಟಿದ್ದರೆ ಇದನ್ನು ಬಹುಪಾಲು ತಡೆಯಬಹುದು. ಕೊಟ್ಟಿದ್ದಾರೋ ಇಲ್ಲವೋ, ನಡುವೆ ಗರ್ಭಪಾತವೇನಾದರೂ ಆಗಿತ್ತೋ ಎಂಬುದು ಎರಡನೇ ಬಸಿರಿನ ಮೊದಲ ಭೇಟಿಯಲ್ಲೇ ಗೊತ್ತಾಗಬೇಕು.

ಕಬ್ಬಿಣದ ಮಾತು ಇದಕ್ಕಿಂತ ಸಾಮಾನ್ಯ, ಅದಕ್ಕೇ ಹೆಚ್ಚು ಕಡೆಗಣಿಸಲಾಗಿದೆ. ಒಂದು ಬಸಿರಿಗೆ ಒಟ್ಟು ಸುಮಾರು ಒಂದು ಗ್ರಾಂ ಕಬ್ಬಿಣ ಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ಶೇ. 52.2ರಷ್ಟು, ಕರ್ನಾಟಕದಲ್ಲಿ ಶೇ. 45.7ರಷ್ಟು ಮಂದಿಗೆ ರಕ್ತಹೀನತೆ. ಚೊಚ್ಚಲಿನಲ್ಲಿ ಖರ್ಚಾದ ದಾಸ್ತಾನು ತುಂಬುವ ಮೊದಲೇ ಮತ್ತೆ ಬಸಿರಾದರೆ ಸಾಲದ ಮೇಲೆ ಸಾಲ. ಹೆರಿಗೆಯಾದ ಮೇಲೆ ಮುಂದಿನ ಬಸಿರಿಗೆ ಕನಿಷ್ಠ ಎರಡು ವರ್ಷ ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಕ್ಕೆ ಇದೂ ಒಂದು ಕಾರಣ. ಹಾಲೂಡಿಸುತ್ತಿರುವಾಗ ಮುಟ್ಟು ಬಾರದೆಯೇ ಬಸಿರಾಗಬಹುದು. ಆಗ ‘ಯಾವಾಗ ನಿಂತಿತು’ ಎಂಬ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ, ಆರಂಭದ ಸ್ಕ್ಯಾನಿಂಗಿನಿಂದಷ್ಟೇ ವಾರ ಗೊತ್ತಾಗಬೇಕು. ಮಗುವಿನ ಮಿದುಳು, ಬೆನ್ನುಹುರಿಯ ಕೊಳವೆ ಗರ್ಭಧಾರಣೆಯ ನಾಲ್ಕು ವಾರಗಳಲ್ಲಿ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಬೇಕಾದ ಫೋಲಿಕ್ ಆಮ್ಲದ ಮಾತ್ರೆಯನ್ನು ಚೊಚ್ಚಲಿನಲ್ಲಿ ತಪ್ಪದೆ ನುಂಗಿದವಳಿಗೆ ಈ ಸಲ ಬಸಿರೆಂದು ತಿಳಿಯುವುದರೊಳಗೆ ಆ ಕಾಲ ದಾಟಿರಬಹುದು. ಬಸುರಿಯ ಹಾಲು ಕುಡಿದ ಮಗು ಸೊರಗುತ್ತದೆಂದು ಒಂದೇ ದಿನಕ್ಕೆ ಮೊಲೆ ಬಿಡಿಸುವ ರೂಢಿಯೂ ಇದೆ. ಬಸಿರಿನಲ್ಲಿ ಹಾಲು ಕುಗ್ಗುತ್ತದೆ, ರುಚಿ ಬದಲಾಗುತ್ತದೆ, ಮಗು ತಾನಾಗಿಯೇ ಬಿಡುವುದೂ ಉಂಟು. ಆದರೆ ಆ ಹಾಲು ವಿಷವಲ್ಲ. ತೊಡಕಿಲ್ಲದ ಬಸಿರಿನಲ್ಲಿ ಹಾಲೂಡಿಸುವುದನ್ನು ಥಟ್ಟನೆ ನಿಲ್ಲಿಸಬೇಕಾಗಿಲ್ಲ.

ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದವರಿಗೆ ಆರಂಭದ ಸ್ಕ್ಯಾನಿಂಗ್ ಇನ್ನೂ ಮುಖ್ಯ. ಭ್ರೂಣ ಹಳೆಯ ಹೊಲಿಗೆಯ ಗಾಯದಲ್ಲೇ ಕೂತುಬಿಡುವುದು ಅಪರೂಪ, ಆದರೆ ಕೂತರೆ ಪ್ರಾಣಕ್ಕೇ ಅಪಾಯ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹೆರಿಗೆಗಳಲ್ಲಿ ಶೇ. 31.5 ಸಿಸೇರಿಯನ್. ಇದು ಕೆಲವರಿಗಷ್ಟೇ ಸಂಬಂಧಿಸಿದ ವಿಚಾರವಾಗಿ ಉಳಿದಿಲ್ಲ.

‘ನಮ್ಮಜ್ಜಿಯರು ಎಂಟು ಹತ್ತು ಹೆತ್ತರು, ಯಾವ ಪರೀಕ್ಷೆ ಇತ್ತು?’ ಎಂದು ಕೇಳುವವರಿದ್ದಾರೆ. ಆ ಮಾತು ಬದುಕಿ ಉಳಿದ ಅಜ್ಜಿಯರದು. ಹೆರಿಗೆಯಲ್ಲಿ ತೀರಿಕೊಂಡವರ ಕಡೆಯಿಂದ ಹೇಳಲು ಯಾರೂ ಇಲ್ಲ. 2018-20ರಲ್ಲಿ ಕೂಡ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸಾಯುತ್ತಿದ್ದರು. ಬಸಿರನ್ನು ಕಾಯಿಲೆಯಂತೆ ಕಂಡು ಹೆಂಗಸರನ್ನು ಹೆದರಿಸುತ್ತೀರಿ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅನಗತ್ಯ ಪರೀಕ್ಷೆಗಳ ಕಾಟ ಇರುವುದು ನಿಜ. ಇಲ್ಲಿ ಹೇಳುತ್ತಿರುವುದು ಹಿಮೋಗ್ಲೋಬಿನ್, ರಕ್ತದ ಗುಂಪು, ರಕ್ತದೊತ್ತಡ, ಒಂದು ಸ್ಕ್ಯಾನಿಂಗ್, ಸಕ್ಕರೆಯ ಒಂದು ಪರೀಕ್ಷೆಯನ್ನು ಮಾತ್ರ. ಚೊಚ್ಚಲಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿದ್ದವರಿಗೆ ಅದು ಮರಳುವ ಸಂಭವ ಹೆಚ್ಚಾದ್ದರಿಂದ ಏಳನೇ ತಿಂಗಳವರೆಗೆ ಕಾಯುವುದು ತರವಲ್ಲ. ಎರಡನೆಯದರ ಕಡೆಗಣನೆ ಮನೆಯಲ್ಲಷ್ಟೇ ಅಲ್ಲ: ಸರ್ಕಾರದ ಮಾತೃ ವಂದನಾ ಯೋಜನೆ ಮೊದಲ ಮಗುವಿಗೆ ನೆರವು ಕೊಡುತ್ತದೆ, ಎರಡನೆಯದು ಹೆಣ್ಣಾದರೆ ಮಾತ್ರ ಮತ್ತೆ ಕೊಡುತ್ತದೆ. ಹೆಣ್ಣುಮಗುವಿನ ಪರವಾದ ಆ ಉದ್ದೇಶ ಒಳ್ಳೆಯದೇ. ಆದರೆ ರಕ್ತ ಕಡಿಮೆಯಾದ ತಾಯಿಗೆ ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂಬುದರಿಂದ ರಕ್ತ ಹೆಚ್ಚಾಗುವುದಿಲ್ಲ.

ಮೊದಲ ಸಲದ ತಾಯಿ ಕಾರ್ಡ್ ಎಷ್ಟೋ ಮನೆಗಳಲ್ಲಿ ಬೀರುವಿನ ಮೇಲೋ, ಮಗುವಿನ ಲಸಿಕೆಯ ಚೀಟಿಗಳ ನಡುವೆಯೋ ಬಿದ್ದಿರುತ್ತದೆ. ಮುಟ್ಟು ತಪ್ಪಿತೆಂದು ಗೊತ್ತಾದ ವಾರವೇ ಅದನ್ನೂ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯನ್ನೂ ಹುಡುಕಿ ತೆಗೆದು ಆಶಾ ಕಾರ್ಯಕರ್ತೆಗೋ ವೈದ್ಯರಿಗೋ ತೋರಿಸಬೇಕು. ಕೊನೆಯ ತಿಂಗಳಲ್ಲಿ ರಕ್ತ ಎಷ್ಟಿತ್ತು, ಒತ್ತಡ ಏರಿತ್ತೇ, ಸಿಸೇರಿಯನ್ ಯಾಕೆ ಮಾಡಿದರು, ಆಂಟಿ-ಡಿ ಯಾವ ತಾರೀಕು ಕೊಟ್ಟರು ಎಂಬುದೆಲ್ಲ ಅವುಗಳಲ್ಲಿ ಬರೆದಿರುತ್ತದೆ. ‘ಅವಳಿಗೆಲ್ಲ ಗೊತ್ತು’ ಎಂದು ಮನೆಯವರು ನಂಬಿದ ಸಂಗತಿಗಳಲ್ಲಿ ಬಹುಪಾಲು ಅವಳಿಗೆ ಗೊತ್ತಿರುವುದಿಲ್ಲ. ಅವು ಇರುವುದು ಆ ಮಾಸಿದ ಕಾರ್ಡಿನಲ್ಲಿ.