ಮುಟ್ಟು ನಿಲ್ಲುವ ಮುನ್ನ: ರೈತ ದಂಪತಿಗಳು ತಿಳಿದಿರಬೇಕಾದ ಸಂಗತಿಗಳು

ರೈತ ಬಾಂಧವರೇ, ಈ ಲೇಖನದ ತಲೆಬರಹ ನೋಡಿ 'ಇದು ಹೆಂಗಸರ ವಿಷಯ, ನಮಗೇಕೆ?' ಎಂದು ಪುಟ ತಿರುವಬೇಡಿ. ದೇವಸುಗೂರಿನ ಹೊಳೆದಂಡೆಯಿಂದ ಹಿಡಿದು ದೇವದುರ್ಗ, ಮಾನ್ವಿಯ ಕಾಲುವೆ ಹೊಲಗಳವರೆಗೆ ಭತ್ತದ ನಾಟಿ, ಕಳೆ ತೆಗೆಯುವುದು, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು ಬಹುಮಟ್ಟಿಗೆ ಹೆಣ್ಣುಮಕ್ಕಳ ಕೈಕೆಲಸ. ನಲವತ್ತು ದಾಟಿದ ಮನೆಯಾಕೆ ತಿಂಗಳಿಗೆ ಹತ್ತು ಹದಿನೈದು ದಿನ ರಕ್ತ ಕಳೆದುಕೊಳ್ಳುತ್ತ, ತಲೆ ಸುತ್ತುತ್ತಿದ್ದರೂ ಕೆಸರಿನಲ್ಲಿ ಬಗ್ಗಿ ನಿಂತಿದ್ದರೆ ಅದು ಇಡೀ ಕುಟುಂಬದ ವಿಷಯ. ಕೊನೆಗೆ ಆಸ್ಪತ್ರೆಗೆ ಕರೆದೊಯ್ಯುವವರು, ದುಡ್ಡು ಹೊಂದಿಸುವವರು, ಕಾಗದಕ್ಕೆ ಸಹಿ ಹಾಕುವವರು ನೀವೇ. ಆದ್ದರಿಂದ ನೀವೂ ನಿಮ್ಮ ಹೆಂಡತಿಯೂ ಇದನ್ನು ಕೂಡಿ ಕುಳಿತು ಓದುವುದು ಒಳ್ಳೆಯದು.

ಹೀಗೇಕೆ ಆಗುತ್ತದೆ?

ಹೆಂಗಸರಿಗೆ ಮುಟ್ಟು ಪೂರ್ತಿಯಾಗಿ ನಿಲ್ಲುವುದು ಸಾಮಾನ್ಯವಾಗಿ 45ರಿಂದ 55ನೆಯ ವಯಸ್ಸಿನೊಳಗೆ. ನಮ್ಮ ದೇಶದಲ್ಲಿ ಬಹಳಷ್ಟು ಜನರಿಗೆ 46-47ರ ಸುಮಾರಿಗೇ ನಿಲ್ಲುತ್ತದೆ. ಸತತವಾಗಿ ಹನ್ನೆರಡು ತಿಂಗಳು ಮುಟ್ಟು ಬಾರದಿದ್ದರೆ ಮಾತ್ರ ಅದು ನಿಂತಿತೆಂದು ತಿಳಿಯಬೇಕು. ಆದರೆ ಅದು ಒಂದೇ ದಿನ ಬಾಗಿಲು ಮುಚ್ಚಿದಂತೆ ನಿಲ್ಲುವುದಿಲ್ಲ. ಅದಕ್ಕೆ ಮುಂಚಿನ ಕೆಲವು ವರ್ಷ ಲೆಕ್ಕ ತಪ್ಪಿ ನಡೆಯುತ್ತದೆ. ಒಮ್ಮೆ ಎರಡು ತಿಂಗಳು ಬರುವುದಿಲ್ಲ. ಒಮ್ಮೆ ಇಪ್ಪತ್ತು ದಿನಕ್ಕೇ ಬರುತ್ತದೆ. ಒಮ್ಮೆ ಎರಡು ದಿನಕ್ಕೆ ಮುಗಿದರೆ ಮತ್ತೊಮ್ಮೆ ಹತ್ತು ದಿನ ಬಿಡುವುದಿಲ್ಲ.

ಇದರ ಕಾರಣವನ್ನು ನೀರಾವರಿ ರೈತರಿಗೆ ಸುಲಭವಾಗಿ ಹೇಳಬಹುದು. ಅಂಡಾಶಯದಿಂದ ಬರುವ ಈಸ್ಟ್ರೋಜನ್ ಎಂಬ ಚೋದಕವು ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ತಿಂಗಳ ನಡುವೆ ಅಂಡಾಣು ಬಿಡುಗಡೆಯಾದ ಮೇಲೆ ಪ್ರೊಜೆಸ್ಟಿರಾನ್ ಎಂಬ ಇನ್ನೊಂದು ಚೋದಕ ಬಂದು ಆ ಪದರವನ್ನು ಹದವಾಗಿ ಹಿಡಿದಿಡುತ್ತದೆ. ಅದು ಇಳಿದಾಗ ಪದರ ಒಮ್ಮೆಗೇ ಕಳಚಿ ಮುಟ್ಟಾಗುತ್ತದೆ. ನಲವತ್ತು ದಾಟಿದ ಮೇಲೆ ಕೆಲವು ತಿಂಗಳು ಅಂಡಾಣು ಬಿಡುಗಡೆಯಾಗುವುದೇ ಇಲ್ಲ. ಆಗ ಪ್ರೊಜೆಸ್ಟಿರಾನ್ ಬಾರದು. ತೂಬು ತೆರೆಯುವವನು ಪಾಳಿಯ ಹೊತ್ತಿಗೆ ಬಾರದಿದ್ದರೆ ಕಾಲುವೆಯಲ್ಲಿ ನೀರು ಏರುತ್ತಲೇ ಹೋಗಿ ಕೊನೆಗೆ ಎಲ್ಲೆಂದರಲ್ಲಿ ಒಡ್ಡು ಒಡೆಯುತ್ತದಲ್ಲವೇ? ಹಾಗೆಯೇ ಒಳಪದರ ದಪ್ಪವಾಗಿ ಬೆಳೆದು, ತುಂಡು ತುಂಡಾಗಿ ಕಳಚುತ್ತ, ಹೆಚ್ಚು ದಿನ, ಹೆಚ್ಚು ಪ್ರಮಾಣದಲ್ಲಿ ರಕ್ತ ಹೋಗುತ್ತದೆ. ಇದು ಯಾರ ದೃಷ್ಟಿಯೂ ಅಲ್ಲ, ಯಾವ ದೋಷವೂ ಅಲ್ಲ.

ಆದರೆ ಈ ವಯಸ್ಸಿನ ಎಲ್ಲ ರಕ್ತಸ್ರಾವಕ್ಕೂ ಇದೊಂದೇ ಕಾರಣವೆಂದು ತಿಳಿದು ಸುಮ್ಮನಿರಬಾರದು. ಗರ್ಭಕೋಶದ ಗಡ್ಡೆ, ಥೈರಾಯ್ಡ್ ಗ್ರಂಥಿಯ ತೊಂದರೆ, ಅಪರೂಪಕ್ಕೆ ಕ್ಯಾನ್ಸರ್ ಸಹ ಹೀಗೆಯೇ ಕಾಣಿಸಿಕೊಳ್ಳಬಹುದು. ನೋಡಿದ ಮಾತ್ರಕ್ಕೆ ಇದನ್ನು ಬೇರ್ಪಡಿಸಲಾಗದು, ಪರೀಕ್ಷೆಯೇ ಆಗಬೇಕು.

ಯಾವಾಗ ತಡಮಾಡಬಾರದು?

ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್ ರಕ್ತ ಹೋಗುತ್ತದೆ. 80 ಮಿಲಿಲೀಟರಿಗೆ, ಎಂದರೆ ಹೋಟೆಲಿನ ಸಣ್ಣ ಚಹಾ ಲೋಟದಷ್ಟಕ್ಕೆ ಮೀರಿದರೆ ಅದು ಅತಿಸ್ರಾವ. ಮನೆಯಲ್ಲಿ ಯಾರೂ ಅಳತೆ ಮಾಡಲಾರರು. ಆದ್ದರಿಂದ ಕೆಳಗಿನ ಗುರುತುಗಳನ್ನು ನೆನಪಿಡಿ. ಇವುಗಳಲ್ಲಿ ಒಂದಿದ್ದರೂ ವೈದ್ಯರಿಗೆ ತೋರಿಸಬೇಕು.

1. ಮುಟ್ಟು ಏಳು ದಿನಕ್ಕಿಂತ ಹೆಚ್ಚು ನಡೆಯುವುದು, ಅಥವಾ 21 ದಿನದೊಳಗೆ ಮತ್ತೆ ಮತ್ತೆ ಬರುವುದು.
2. ಬಟ್ಟೆ ಅಥವಾ ಪ್ಯಾಡು ಗಂಟೆಗೊಂದರಂತೆ ನೆನೆಯುವುದು, ದೊಡ್ಡ ಹೆಪ್ಪುಗಳು ಬೀಳುವುದು.
3. ಎರಡು ಮುಟ್ಟುಗಳ ನಡುವೆ ಅಥವಾ ಗಂಡ ಹೆಂಡತಿ ಕೂಡಿದ ನಂತರ ರಕ್ತ ಕಾಣಿಸುವುದು.
4. ನಾಲ್ಕು ಹೆಜ್ಜೆಗೆ ಏದುಸಿರು, ಎದೆ ಬಡಿತ, ತಲೆ ಸುತ್ತು, ಮುಖ ಬಿಳಿಚಿಕೊಳ್ಳುವುದು.
5. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದೇ ಒಂದು ಕಲೆ ಕಂಡರೂ ಸರಿ.

ಗಂಟೆಗೊಂದು ಬಟ್ಟೆ ಎರಡು ಮೂರು ಗಂಟೆ ಬಿಡದೆ ನೆನೆಯುತ್ತಿದ್ದರೆ, ಇಲ್ಲವೇ ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ ಅಂದೇ ಆಸ್ಪತ್ರೆಗೆ ಹೋಗಬೇಕು. ನಾಟಿ ಮುಗಿಯಲಿ, ಸಂತೆ ಮುಗಿಯಲಿ ಎನ್ನಬಾರದು.

ಲೆಕ್ಕದ ಪಟ್ಟಿ

ಹೊಲದ ಖರ್ಚಿಗೆ ಲೆಕ್ಕ ಇಡುವ ನೀವು ಇದಕ್ಕೂ ಇಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟು ಬಂದ ದಿನಕ್ಕೆ ಒಂದು ಗುರುತು, ನಿಂತ ದಿನಕ್ಕೆ ಒಂದು ಗುರುತು, ಆ ದಿನ ಎಷ್ಟು ಬಟ್ಟೆ ಬದಲಿಸಿದಳೆಂಬ ಸಂಖ್ಯೆ, ಇಷ್ಟಿದ್ದರೆ ಸಾಕು. ಹೆಂಡತಿಗೆ ಬರೆಯಲು ಬಾರದಿದ್ದರೆ ಗಂಡ ಬರೆಯಲಿ, ಇಲ್ಲವೇ ಮಗಳು ಬರೆಯಲಿ. ಮೂರು ತಿಂಗಳ ಇಂಥ ಲೆಕ್ಕವನ್ನು ನೋಡಿದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. 'ಭಾಳ ಹೊಕ್ಕೈತ್ರಿ' ಎಂದಷ್ಟೇ ಹೇಳುವುದಕ್ಕೂ 'ಹನ್ನೊಂದು ದಿನ, ದಿನಕ್ಕೆ ಎಂಟು ಬಟ್ಟೆ' ಎನ್ನುವುದಕ್ಕೂ ಬಹಳ ಅಂತರವಿದೆ. ಮೇಲಿನ ಗುರುತುಗಳು ಕಂಡವರು ಮಾತ್ರ ಮೂರು ತಿಂಗಳು ಕಾಯದೆ, ಇದ್ದಷ್ಟೇ ಲೆಕ್ಕ ಹಿಡಿದುಕೊಂಡು ಹೋಗಬೇಕು.

ಗಂಡ ಹೆಂಡಿರ ನಡುವೆ

ಈ ಕಾಲದಲ್ಲಿ ರಾತ್ರಿ ಮೈ ಕಾದು ಬೆವರುವುದು, ನಿದ್ದೆ ಬಾರದಿರುವುದು, ಸಣ್ಣ ಮಾತಿಗೂ ಸಿಟ್ಟು ಇಲ್ಲವೇ ಅಳು ಬರುವುದು ಸಾಮಾನ್ಯ. ಇದನ್ನು ಸೊಕ್ಕು, ಸೋಮಾರಿತನ ಎಂದು ತಿಳಿದು ಜಗಳ ಬೆಳೆಸಿದ ಮನೆಗಳು ಎಷ್ಟೋ ಇವೆ. ಹೆಂಡತಿ ಬಾಯಿ ಬಿಟ್ಟು ಹೇಳಲು ನಾಚುತ್ತಾಳೆ. ಗಂಡ ಕೇಳಲು ಸಂಕೋಚಪಡುತ್ತಾನೆ. 'ಏನಾಗೈತಿ?' ಎಂದರೆ 'ಏನಿಲ್ರಿ, ಸ್ವಲ್ಪ ಸುಸ್ತು' ಎಂಬ ಉತ್ತರ ಬರುತ್ತದೆ. ಆ ಮಾತಿಗೇ ಬಿಡದೆ 'ಎಷ್ಟು ದಿನ ಆತು? ನಿಂತಿಲ್ಲೇನು?' ಎಂದು ಇನ್ನೊಂದು ಪ್ರಶ್ನೆ ಕೇಳಿ.

ಹಾಸಿಗೆಯ ವಿಷಯದಲ್ಲೂ ತಿಳಿವಳಿಕೆ ಬೇಕು. ರಕ್ತ ಹೋಗುತ್ತಿರುವಾಗ, ಜೀವ ದಣಿದಿರುವಾಗ ಆಕೆಗೆ ಮನಸ್ಸಿಲ್ಲದಿದ್ದರೆ ಅದು ನಿಮ್ಮ ಮೇಲಿನ ತಾತ್ಸಾರವಲ್ಲ, ಬಲವಂತ ಸಲ್ಲದು. ಒಣಗಿದಂತಾಗಿ ನೋವಾಗುವುದೂ ಈ ವಯಸ್ಸಿನಲ್ಲಿ ಉಂಟು. ಇದಕ್ಕೆ ಮುಲಾಮು, ಔಷಧಿಗಳಿವೆ. ವೈದ್ಯರಲ್ಲಿ ನಾಚದೆ ಕೇಳಬಹುದು. ಇನ್ನೊಂದು ಮಾತು: ಮುಟ್ಟು ಎರಡು ತಿಂಗಳು ತಪ್ಪಿದೊಡನೆ 'ನಿಂತಿತು' ಎಂದುಕೊಳ್ಳಬೇಡಿ, ಗರ್ಭ ನಿಂತಿರಲೂಬಹುದು. ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ದಂಪತಿಗಳು 50ರೊಳಗೆ ಮುಟ್ಟು ನಿಂತಿದ್ದರೆ ಎರಡು ವರ್ಷ, 50ರ ನಂತರ ನಿಂತಿದ್ದರೆ ಒಂದು ವರ್ಷ ಗರ್ಭನಿರೋಧ ಕ್ರಮ ಮುಂದುವರಿಸಬೇಕು.

ಕೆಲವು ಮನೆಗಳಲ್ಲಿ ಹೊರಗಾದವರನ್ನು ದೂರ ಕೂಡಿಸುವ, ನೆಲದ ಮೇಲೆ ಮಲಗಿಸುವ ರೂಢಿ ಇದೆ. ಮೂರು ದಿನದ ಮಾತು ಹದಿನೈದು ದಿನಕ್ಕೆ ಎಳೆದಾಗ ಇದು ಕಾಯಿಲೆಯವಳಿಗೆ ಶಿಕ್ಷೆಯೇ ಸರಿ. ಹಾಸಿಗೆ, ಬಿಸಿ ಊಟ, ಬೆಚ್ಚನೆಯ ನೀರು ಆಕೆಗೆ ಆಗಲೇ ಹೆಚ್ಚು ಬೇಕು. ಅತ್ತೆಯವರಿಗೆ ಇದನ್ನು ಸೊಸೆ ಹೇಳುವುದು ಕಷ್ಟ, ಮಗ ಹೇಳಬೇಕು. ನೀರಿನ ಕೊಡ, ಸೌದೆ, ಗೊಬ್ಬರದ ಬುಟ್ಟಿ ಇವುಗಳ ಭಾರವನ್ನು ಆ ದಿನಗಳಲ್ಲಿ ಮನೆಯ ಗಂಡಸರು ಹೊರಬೇಕು.

ಸುಗೂರೇಶ್ವರ ಜಾತ್ರೆ, ಮದುವೆ, ಹಬ್ಬ ಬಂದಾಗ ಮುಟ್ಟು ಮುಂದೂಡಲು ಔಷಧಿ ಅಂಗಡಿಯಿಂದ ಮಾತ್ರೆ ತಂದು ನುಂಗುವ ರೂಢಿಯೂ ಇದೆ. ಮೊದಲೇ ಲೆಕ್ಕ ತಪ್ಪಿದವರಲ್ಲಿ ಇದರಿಂದ ಗೊಂದಲ ಇನ್ನೂ ಹೆಚ್ಚುತ್ತದೆ. ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ಪರೀಕ್ಷೆ ಮತ್ತು ಚಿಕಿತ್ಸೆ

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ದೇವದುರ್ಗ ಅಥವಾ ಮಾನ್ವಿಯ ತಾಲ್ಲೂಕು ಆಸ್ಪತ್ರೆಗೆ, ಅಗತ್ಯವಿದ್ದರೆ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಹೋಗಬಹುದು. ದಾರಿ ತಿಳಿಯದವರು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ರಕ್ತದಲ್ಲಿನ ಹಿಮೋಗ್ಲೋಬಿನ್, ಗರ್ಭದ ಪರೀಕ್ಷೆ, ಥೈರಾಯ್ಡ್ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್, ಗರ್ಭಕೋಶದ ಬಾಯಿಯ ತಪಾಸಣೆ ಇವು ಮುಖ್ಯವಾದವು. 45 ದಾಟಿದವರಲ್ಲಿ ಸ್ರಾವ ಹೆಚ್ಚಿದ್ದರೆ ಒಳಪದರದ ಸಣ್ಣ ಚೂರನ್ನು ತೆಗೆದು ಪರೀಕ್ಷೆಗೆ ಕಳಿಸುವುದುಂಟು. ಕ್ಯಾನ್ಸರ್ ಇದೆಯೇ ಇಲ್ಲವೇ ಎಂಬ ಭಯವನ್ನು ಈ ಪರೀಕ್ಷೆ ಪರಿಹರಿಸುತ್ತದೆ.

ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಕಬ್ಬಿಣಾಂಶದ ಮಾತ್ರೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಅದರಿಂದ ಮಲ ಕಪ್ಪಾದರೆ ಹೆದರಿ ಬಿಡಬೇಡಿ. ಮಾತ್ರೆಯ ಜೊತೆ, ಊಟದ ಜೊತೆ ಚಹಾ ಬೇಡ, ಅದು ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ. ಜೋಳದ ರೊಟ್ಟಿಯೊಂದಿಗೆ ಬೇಳೆ, ಕಾಳು, ಹಸಿರು ಪಲ್ಯ ತಿಂದು ಮೇಲೆ ಲಿಂಬೆಹಣ್ಣು ಹಿಂಡಿಕೊಂಡರೆ ಒಳ್ಳೆಯದು. ಆದರೆ ರಕ್ತ ಬಹಳ ಕಡಿಮೆಯಾದವರಿಗೆ ಆಹಾರವೊಂದೇ ಸಾಲದು, ಔಷಧಿ ಬೇಕೇಬೇಕು.

ರಕ್ತ ಹೆಚ್ಚು ಹೋಗುವ ದಿನಗಳಲ್ಲಿ ಮಾತ್ರ ನುಂಗುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಸ್ರಾವವನ್ನು ಕಡಿಮೆ ಮಾಡುತ್ತದೆ. ಪ್ರೊಜೆಸ್ಟಿರಾನ್ ಕೊರತೆಯನ್ನು ತುಂಬುವ ಮಾತ್ರೆಗಳಿವೆ. ಗರ್ಭಕೋಶದೊಳಗೆ ಇರಿಸುವ ಚೋದಕಯುಕ್ತ ವಂಕಿ ಹಲವು ವರ್ಷ ಕೆಲಸ ಮಾಡಿ, ಬಹುಮಂದಿಯಲ್ಲಿ ಸ್ರಾವವನ್ನು ಬಹಳಷ್ಟು ಇಳಿಸುತ್ತದೆ. ಯಾರಿಗೆ ಯಾವುದು ಹೊಂದುತ್ತದೆಂಬುದನ್ನು ವೈದ್ಯರೇ ಹೇಳಬೇಕು. ನೆರೆಮನೆಯವರಿಗೆ ಕೊಟ್ಟ ಮಾತ್ರೆ ನಿಮ್ಮವರಿಗೆ ಹಿತವಾಗದಿರಬಹುದು.

'ಚೀಲ ತೆಗೆಸಿಬಿಡೋಣ' ಎನ್ನುವ ಮುನ್ನ

ನಮ್ಮ ಕಡೆ ಬಹಳ ಬೇಗ ಬರುವ ಮಾತು ಇದು. 'ಮಕ್ಕಳಾದವು, ಇನ್ನು ಆ ಚೀಲ ಯಾಕ ಬೇಕು? ತೆಗೆಸಿಬಿಟ್ಟರೆ ಕೆಲಸಕ್ಕೆ ಅಡ್ಡಿ ಇಲ್ಲ' ಎಂದು ಹೇಳುವವರು ಹೊರಗೂ ಇದ್ದಾರೆ, ಮನೆಯಲ್ಲೂ ಇದ್ದಾರೆ. 'ಬಿಟ್ಟರೆ ಕ್ಯಾನ್ಸರ್ ಆಗುತ್ತದೆ' ಎಂದು ಹೆದರಿಸಿದರಂತೂ ಎತ್ತು ಮಾರಿ, ಬಂಗಾರ ಒತ್ತೆಯಿಟ್ಟು ಶಸ್ತ್ರಚಿಕಿತ್ಸೆ ಮಾಡಿಸುವುದುಂಟು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡ 3.3ರಷ್ಟು ಜನ ಗರ್ಭಕೋಶ ತೆಗೆಸಿಕೊಂಡಿದ್ದರು. ನಮ್ಮ ಗಡಿಯಾಚೆಯ ತೆಲಂಗಾಣ, ಆಂಧ್ರಗಳಲ್ಲಿ ಈ ಪ್ರಮಾಣ ಅದರ ಎರಡರಷ್ಟಕ್ಕಿಂತಲೂ ಹೆಚ್ಚು. ತೆಗೆಸಿಕೊಂಡವರಲ್ಲಿ ಅರ್ಧದಷ್ಟು ಜನ ಹೇಳಿದ ಕಾರಣ ಅತಿಸ್ರಾವ ಅಥವಾ ಮುಟ್ಟಿನ ನೋವು. ಕಲಬುರಗಿ ಜಿಲ್ಲೆಯಲ್ಲಿ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಮತ್ತು ದಲಿತ ಮಹಿಳೆಯರ ಗರ್ಭಕೋಶವನ್ನು ಕಾರಣವಿಲ್ಲದೆ ತೆಗೆಯಲಾಗಿದೆಯೆಂಬ ದೂರು ಎದ್ದು, 2015ರಲ್ಲಿ ಆರೋಗ್ಯ ಇಲಾಖೆಯ ತನಿಖೆಯವರೆಗೆ ಹೋಯಿತು. ಕೇಂದ್ರ ಆರೋಗ್ಯ ಸಚಿವಾಲಯವು 2022ರಲ್ಲಿ ಅನವಶ್ಯಕ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಮಾರ್ಗಸೂಚಿ ಹೊರಡಿಸಿತು. ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅದನ್ನು ಅಳವಡಿಸಿಕೊಳ್ಳಬೇಕೆಂದು ಸರ್ವೋಚ್ಚ ನ್ಯಾಯಾಲಯ 2023ರ ಏಪ್ರಿಲ್‌ನಲ್ಲಿ ಆದೇಶಿಸಿತು.

ಶಸ್ತ್ರಚಿಕಿತ್ಸೆಯೇ ತಪ್ಪು ಎಂದು ಇದರ ಅರ್ಥವಲ್ಲ. ಕ್ಯಾನ್ಸರ್ ಇದ್ದಾಗ, ಔಷಧಿಗೆ ಬಗ್ಗದ ದೊಡ್ಡ ಗಡ್ಡೆಗಳಿದ್ದಾಗ ಅದು ಜೀವ ಉಳಿಸುತ್ತದೆ, ನೆಮ್ಮದಿ ಕೊಡುತ್ತದೆ. ಆದರೆ ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದರೆ, ನಿಧಾನವಾಗಿ ಆಗಬೇಕಾದ ಬದಲಾವಣೆ ಒಂದೇ ದಿನಕ್ಕೆ ಆಗಿಬಿಡುತ್ತದೆ. ಎಲುಬು ಬೇಗ ಸವೆಯುತ್ತದೆ. ಹೃದಯದ ಕಾಯಿಲೆಯ ಸಂಭವ ಹೆಚ್ಚುತ್ತದೆ. ಬಗ್ಗಿ ದುಡಿಯುವ ಹೆಣ್ಣುಮಗಳಿಗೆ ಇದು ಸಣ್ಣ ನಷ್ಟವಲ್ಲ. ಆದ್ದರಿಂದ ಒಪ್ಪಿಗೆ ಕೊಡುವ ಮುನ್ನ ದಂಪತಿಗಳು ಜೊತೆಯಾಗಿ ಈ ಪ್ರಶ್ನೆಗಳನ್ನು ಕೇಳಬೇಕು:

• ಸ್ರಾವಕ್ಕೆ ಕಾರಣವೇನು? ಯಾವ ಪರೀಕ್ಷೆಯಿಂದ ಅದು ತಿಳಿಯಿತು?
• ಮಾತ್ರೆ ಅಥವಾ ವಂಕಿಯಿಂದ ಗುಣವಾಗುವುದಿಲ್ಲವೇ? ಎಷ್ಟು ತಿಂಗಳು ನೋಡಬಹುದು?
• ಅಂಡಾಶಯಗಳನ್ನು ಉಳಿಸುತ್ತೀರಾ? ತೆಗೆಯುವುದಾದರೆ ಏಕೆ?
• ಈಗಲೇ ಆಗಬೇಕೇ, ಇನ್ನೊಬ್ಬ ಸ್ತ್ರೀರೋಗ ತಜ್ಞರನ್ನು ಕೇಳಿಕೊಂಡು ಬರಬಹುದೇ?

ಪರೀಕ್ಷೆಯ ಕಾಗದಗಳನ್ನೆಲ್ಲ ಕೇಳಿ ಪಡೆದು ಇಟ್ಟುಕೊಳ್ಳಿ. ತುರ್ತು ರಕ್ತಸ್ರಾವವಿಲ್ಲದಿದ್ದರೆ ಎರಡನೆಯ ಸಲಹೆ ಕೇಳುವಷ್ಟು ಕಾಲ ಸಾಮಾನ್ಯವಾಗಿ ಇರುತ್ತದೆ. ನಿರ್ಧಾರ ಆಕೆಯದು, ಶರೀರ ಆಕೆಯದು. ನೀವು ಪಕ್ಕದಲ್ಲಿರಬೇಕು, ಅಷ್ಟೇ.

ಬಹುಪಾಲು ಹೆಣ್ಣುಮಕ್ಕಳು ಈ ನಾಲ್ಕಾರು ವರ್ಷಗಳನ್ನು ಸಾಮಾನ್ಯ ಔಷಧಿ, ಒಳ್ಳೆಯ ಊಟ, ಸ್ವಲ್ಪ ವಿಶ್ರಾಂತಿಯಿಂದ ದಾಟಿಬಿಡುತ್ತಾರೆ. ಆ ಮೇಲೆ ಸ್ರಾವದ ಕಾಟವೂ ಇಲ್ಲ, ಬಟ್ಟೆಯ ಚಿಂತೆಯೂ ಇಲ್ಲ. ಅಲ್ಲಿಯವರೆಗೆ ಆಕೆಯ ರಕ್ತ ಕುಂದದಂತೆ, ಮನೆ ಸಾಲಕ್ಕೆ ಬೀಳದಂತೆ ನೋಡಿಕೊಳ್ಳುವುದು ಇಬ್ಬರ ಹೊಣೆ. ಇಂದೇ ಕ್ಯಾಲೆಂಡರಿನಲ್ಲಿ ಮೊದಲ ಗುರುತು ಹಾಕಿರಿ.