ಹಳೆಯ ತೊಟ್ಟಿಲು, ಹೊಸ ಸ್ಯಾಂಡರ್



ಊರಿನಿಂದ ಬಂದ ಅಜ್ಜಿಯ ಕಾಲದ ತೊಟ್ಟಿಲೊಂದು ನಿಮ್ಮ ಮನೆಯ ಅಟ್ಟದಲ್ಲೋ ಮಂಚದ ಕೆಳಗೋ ಇರಬಹುದು. ಮಗಳ ಬಾಣಂತನ ಹತ್ತಿರವಾದಾಗ ಅದರ ನೆನಪಾಗುತ್ತದೆ. ಇಳಿಸಿ ನೋಡಿದರೆ ಮುಂಬಯಿಯ ಮಳೆಗಾಲಗಳನ್ನು ಕಂಡ ಪಾಲಿಶ್ ಬಿಳಿಚಿಕೊಂಡಿದೆ, ಸಂದಿಗಳಲ್ಲಿ ಬೂಷ್ಟು. ಬಡಗಿಯನ್ನು ಕರೆದರೆ ನಾಳೆ ಎನ್ನುತ್ತಾನೆ. ಆಗ ಯಾರೋ ಹೇಳುತ್ತಾರೆ, ಒಂದು ಸ್ಯಾಂಡರ್ ತನ್ನಿ, ಭಾನುವಾರ ಮುಗಿಯುತ್ತದೆ ಎಂದು. ಮುಗಿಯುತ್ತದೆ ನಿಜ. ಆದರೆ ಕೆಲವು ಸಂಗತಿಗಳನ್ನು ಶನಿವಾರವೇ ತಿಳಿದುಕೊಂಡಿರಬೇಕು.

ಮರದ ಮೇಲೆ ಇರುವುದು ಪಾಲಿಶೋ ಪೇಂಟೋ ಎಂದು ಮೊದಲು ನೋಡಿ. ಮನೆಗೆ ಬಳಸುವ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮವನ್ನು ಕೇಂದ್ರ ಸರಕಾರ ಮಾಡಿದ್ದು 2016ರಲ್ಲಿ, ಅದು ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಹಸಿರು, ಹಳದಿ, ಕೆಂಪು ಆಯಿಲ್ ಪೇಂಟಿನಲ್ಲಿ ಸೀಸ ಧಾರಾಳವಾಗಿ ಇರಬಹುದು. ಸ್ಯಾಂಡರ್ ಅದನ್ನು ಕಣ್ಣಿಗೆ ಕಾಣದ ಪುಡಿ ಮಾಡಿ ಮನೆಯೆಲ್ಲ ಹರಡುತ್ತದೆ. ಮಗು ಅಂಬೆಗಾಲಿಡುವುದು ಅದೇ ನೆಲದ ಮೇಲೆ. ಸೀಸ ಎಳೆಯ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಅದಕ್ಕಿಲ್ಲ. ಆದ್ದರಿಂದ ಹಳೆಯ ಪೇಂಟ್ ಇದ್ದರೆ ಯಂತ್ರ ಮುಟ್ಟಿಸಬೇಡಿ. ಬಲ್ಲವರಿಂದ ಮನೆಯ ಹೊರಗೆ, ಪೇಂಟ್ ರಿಮೂವರ್ ಹಚ್ಚಿ ತೆಗೆಸಿ. ಅಲ್ಲಿಯವರೆಗೆ ಮಗುವನ್ನು ಅದರಲ್ಲಿ ಮಲಗಿಸುವುದೂ ಬೇಡ.

ಬರೀ ಪಾಲಿಶ್ ಆಗಿದ್ದರೆ ಮುಂದುವರಿಯಬಹುದು. ಸಾಗುವಾನಿ, ಹಲಸಿನಂಥ ಗಟ್ಟಿ ಮರವಾದರೆ ತೊಂದರೆಯಿಲ್ಲ. ಈಗಿನ ಪ್ಲೈವುಡ್ ಕಪಾಟಿನ ಮೇಲಿರುವ ವಿನಿಯರ್ ಮಾತ್ರ ಅರ್ಧ ಮಿಲಿಮೀಟರಿನಷ್ಟೇ ದಪ್ಪ. ಒಂದೇ ಕಡೆ ಹತ್ತು ಸೆಕೆಂಡು ಯಂತ್ರ ನಿಂತರೆ ಕೆಳಗಿನ ಪ್ಲೈ ಇಣುಕುತ್ತದೆ, ಆಮೇಲೆ ಅದನ್ನು ಮುಚ್ಚುವ ಉಪಾಯವಿಲ್ಲ.

ಮನೆ ಕೆಲಸಕ್ಕೆ ಎರಡು ಬಗೆಯ ಸ್ಯಾಂಡರ್ ಸಾಕು. ಚೌಕ ತಳದ್ದು ಅಗ್ಗ, ಮೂಲೆಗೂ ಹೋಗುತ್ತದೆ. 125 ಮಿಲಿಮೀಟರಿನ ದುಂಡು ತಳದ್ದು ತಿರುಗುತ್ತಲೇ ಅಲುಗುವುದರಿಂದ ಬೇಗ ಉಜ್ಜುತ್ತದೆ. ಬೆಲ್ಟ್ ಸ್ಯಾಂಡರ್ ಮಾತ್ರ ಹೊಸಬರಿಗೆ ಬೇಡ. ಅದು ಮರವನ್ನೇ ತಿಂದುಬಿಡುತ್ತದೆ. ಮಸೀದಿ ಬಂದರ್ ಸ್ಟೇಶನ್ ಹತ್ತಿರದ ನಾಗದೇವಿ ಸ್ಟ್ರೀಟಿಗೆ ಹೋದರೆ ಯಂತ್ರವೂ ಸಿಗುತ್ತದೆ, ಬೇಕಾದ ನಂಬರಿನ ಕಾಗದವೂ ಸಿಗುತ್ತದೆ.

ನಮ್ಮ ಊರಿನ ಉಪ್ಪುಕಾಗದವೇ ಇಲ್ಲಿಯ ಪಾಲಿಶ್ ಪೇಪರ್. ಹಿಂದೆ ಬರೆದಿರುವ ನಂಬರು ಜರಡಿಯ ಲೆಕ್ಕ. ಒಂದು ಇಂಚಿನಲ್ಲಿ ಎಷ್ಟು ಕಣ್ಣುಗಳಿರುವ ಜರಡಿಯಿಂದ ಹರಳು ಇಳಿಯುತ್ತದೆಯೋ ಅಷ್ಟು. ನಂಬರು ಹೆಚ್ಚಾದಂತೆ ಕಾಗದ ನಯ. ತೊಟ್ಟಿಲಿಗೆ 80, 120, 180 ಸಾಕು. 80 ಹಳೆಯ ಪಾಲಿಶ್ ತೆಗೆಯುತ್ತದೆ, 120 ಅದರ ಗೀರನ್ನು, 180 ಇದರ ಗೀರನ್ನು. ನಡುವಿನದನ್ನು ಹಾರಿಸಿದರೆ 80ರ ಗೀರು ಉಳಿದು, ಹೊಸ ಪಾಲಿಶ್ ಬಿದ್ದಾಗ ಎದ್ದು ಕಾಣುತ್ತದೆ. ಇನ್ನೂ ನಯವಾಗಲೆಂದು 400ರವರೆಗೆ ಹೋದರೆ ಮರದ ರಂಧ್ರ ಮುಚ್ಚಿ ಬಣ್ಣ ಹಿಡಿಯುವುದಿಲ್ಲ. ಕಪ್ಪಗಿನ ವಾಟರ್ ಪೇಪರ್ ನೀರು ಹಾಕಿ ಕೈಯಲ್ಲಿ ಉಜ್ಜುವುದಕ್ಕೆ. ಕರೆಂಟಿನ ಯಂತ್ರದ ಹತ್ತಿರ ನೀರು ಸುಳಿಯಬಾರದು.

ಕಾಗದ ಹಾಕುವ ಮುಂಚೆ ಪ್ಲಗ್ ತೆಗೆಯಿರಿ. 9 ಇಂಚು 11 ಇಂಚಿನ ಹಾಳೆಯನ್ನು ನಾಲ್ಕು ಭಾಗ ಮಾಡಿದರೆ ಒಂದು ಭಾಗ ಸಾಮಾನ್ಯ ಚೌಕ ಸ್ಯಾಂಡರಿಗೆ ಸರಿ. ಕಾಗದದ ಬೆನ್ನನ್ನು ಮೇಜಿನ ಅಂಚಿಗೆ ಎರಡು ಸಲ ಎಳೆದರೆ ಮೆತ್ತಗಾಗುತ್ತದೆ. ಒಂದು ತುದಿಯನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಬಿಗಿಯಾಗಿ ಎಳೆದು ಇನ್ನೊಂದನ್ನು ಸಿಕ್ಕಿಸಿ. ಸಡಿಲವಿದ್ದರೆ ಹರಿಯುತ್ತದೆ, ಮರದ ಮೇಲೆ ಸುರುಳಿ ಗೀರು ಬಿಡುತ್ತದೆ. ತಳದಲ್ಲಿ ತೂತುಗಳಿದ್ದರೆ ಯಂತ್ರದ ಜೊತೆ ಬಂದ ಹಲಗೆಯಿಂದ ಒತ್ತಿ ಕಾಗದದಲ್ಲೂ ತೂತು ಮಾಡಿ. ಧೂಳು ಚೀಲಕ್ಕೆ ಹೋಗುವ ದಾರಿ ಅದೇ. ದುಂಡು ಯಂತ್ರದಲ್ಲಿ ಕಾಗದ ವೆಲ್ಕ್ರೋಗೆ ಅಂಟಿಕೊಳ್ಳುತ್ತದೆ, ತೂತಿಗೆ ತೂತು ಹೊಂದಿಸಿದರಾಯಿತು.

ಉಜ್ಜುವ ಮೊದಲು ಮರದ ಮೇಲೆ ಪೆನ್ಸಿಲಿನಲ್ಲಿ ಗೀಚಿ. ಗೀಟು ಮಾಯವಾದರೆ ಆ ಜಾಗ ಮುಗಿಯಿತು. ಕೈಯಿಂದ ಒತ್ತಬೇಡಿ, ಯಂತ್ರದ ಭಾರವೇ ಸಾಕು. ಎಲ್ಲರೂ ಮಾಡುವ ತಪ್ಪು ಇದೇ: ಬೇಗ ಆಗಲೆಂದು ಒತ್ತಿದರೆ ವೇಗ ತಗ್ಗುತ್ತದೆ, ಬಿಸಿಗೆ ಹಳೆಯ ಪಾಲಿಶ್ ಕರಗಿ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ. ಮೆತ್ತಿದ ಕಾಗದವನ್ನು ಉಳಿತಾಯವೆಂದು ಇಟ್ಟುಕೊಳ್ಳಬೇಡಿ. ಮರದ ಎಳೆಯ ಉದ್ದಕ್ಕೆ ಸಾವಕಾಶ ಸಾಗಿ. ಕಾಗದ ಬದಲಿಸುವಾಗಲೆಲ್ಲ ಧೂಳು ಒರೆಸಿ, ಇಲ್ಲವಾದರೆ ಹಿಂದಿನ ಕಾಗದದಿಂದ ಉದುರಿದ ಹರಳು ಹೊಸ ಗೀರು ಹಾಕುತ್ತದೆ. ಕಡೆದ ಕಂಬಿಗಳಿಗೆ ಯಂತ್ರ ಹೋಗುವುದಿಲ್ಲ. ಕಾಗದದ ಪಟ್ಟಿ ಸುತ್ತಿ ಕೈಯಲ್ಲೇ ಎಳೆಯಬೇಕು, ತೊಟ್ಟಿಲಿನಲ್ಲಿ ಹೊತ್ತು ಹಿಡಿಯುವ ಕೆಲಸ ಅದೇ.

ಮರದ ಧೂಳು ಸಾಧುವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಎನ್ 95 ಮಾಸ್ಕ್ ಬೇಕು. ಫ್ಯಾನ್ ಆರಿಸಿ, ಅಡುಗೆಮನೆಯ ಬಾಗಿಲು ಹಾಕಿ, ಬಸುರಿ ಮಗಳನ್ನೂ ಮಕ್ಕಳನ್ನೂ ಅಂದು ನೆಂಟರ ಮನೆಗೆ ಕಳುಹಿಸಿ. ಕಸಬರಿಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಇನ್ನೊಂದು ಮಾತು. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶನ್ನು ಮಳೆ ಸುರಿಯುವ ದಿನ ಹಚ್ಚಿದರೆ ಗಾಳಿಯ ತೇವಕ್ಕೆ ಮತ್ತೆ ಬಿಳಿಚಿಕೊಳ್ಳುತ್ತದೆ. ಉಜ್ಜಿದ ತೊಟ್ಟಿಲನ್ನು ಹಳೆಯ ಸೀರೆಯಲ್ಲಿ ಸುತ್ತಿಟ್ಟು ಒಣ ಹವೆಗೆ ಕಾಯಿರಿ. ಮತ್ತೆ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಯಂತ್ರ ನಿಲ್ಲಿಸಿ. ಸೊಸೈಟಿಯ ಸೆಕ್ರೆಟರಿ ಮಲಗಿರುತ್ತಾರೆ.